ಪ್ರತಿಕ್ರಿಯೆ: ಈರುಳ್ಳಿ ಗಿಡ ಸೊಂಪಾಗಿದ್ದರೂ ಗಡ್ಡೆ ಕಟ್ಟದಿರುವುದೇಕೆ?

ನಮಸ್ಕಾರ. ಬೆಂಗಳೂರಿನ ನಿಮ್ಮ ತಾರಸಿ ತೋಟದಲ್ಲಿ ವಿದೇಶಿ ತಳಿಯ ಈರುಳ್ಳಿ ಸೊಂಪಾಗಿ ಬೆಳೆದಿದ್ದರೂ ನಾಲ್ಕು ತಿಂಗಳು ಕಳೆದ ಮೇಲೂ ಬುಡ ಉಬ್ಬಿಲ್ಲವೆಂದು ಬರೆದು, ಇನ್ನಷ್ಟು ಗೊಬ್ಬರ ಹಾಕಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ, ಸಾರಜನಕ ಹೆಚ್ಚಾದಷ್ಟೂ ಎಲೆಯೇ ಬೆಳೆಯುತ್ತದೆ, ಕತ್ತು ದಪ್ಪವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೂಲ ಕಾರಣ ಬೀಜದಲ್ಲಿಯೇ ಇದೆ. ಈರುಳ್ಳಿ ಯಾವಾಗ ಗಡ್ಡೆ ಕಟ್ಟಬೇಕೆಂಬುದನ್ನು ಬಹುಮಟ್ಟಿಗೆ ಹಗಲಿನ ಉದ್ದವೇ ನಿರ್ಧರಿಸುತ್ತದೆ. ಉತ್ತರ ಯುರೋಪಿನ ದೀರ್ಘ ಹಗಲಿನ ತಳಿಗಳಿಗೆ 14 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಹಗಲು ಬೇಕಾಗುತ್ತದೆ, ಆದರೆ ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆ ದಾಟುವುದಿಲ್ಲ.

ಮುಂದಿನ ಬಾರಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಆರಿಸಿಕೊಳ್ಳಿ: ಮುಂಗಾರಿಗೆ ಅರ್ಕಾ ಕಲ್ಯಾಣ್, ಹಿಂಗಾರಿಗೆ ಅರ್ಕಾ ನಿಕೇತನ್. ಆರೇಳು ವಾರದ ಸಸಿಗಳನ್ನು ಬೇರು ಮುಚ್ಚುವಷ್ಟೇ ಆಳದಲ್ಲಿ, ಸುಮಾರು 10 ಸೆಂಟಿಮೀಟರ್ ಅಂತರ ಬಿಟ್ಟು ನಾಟಿ ಮಾಡಿ. ಬಲಿಯುವ ಗಡ್ಡೆಯ ಮೇಲ್ಭಾಗ ಮಣ್ಣಿನಿಂದ ಹೊರಗೆ ಕಾಣುವುದು ಸಹಜ. ಅದಕ್ಕೆ ಮಣ್ಣು ಏರಿಸಬೇಡಿ. ಕತ್ತು ಮೆತ್ತಗಾಗಿ ಎಲೆಗಳು ತಾವಾಗಿಯೇ ಬಾಗತೊಡಗಿದಾಗ ನೀರು ನಿಲ್ಲಿಸಬೇಕು. ಈಗಿರುವ ಗಿಡಗಳನ್ನು ಎಳೆಯದಾಗಿರುವಾಗಲೇ ಕಿತ್ತು ಈರುಳ್ಳಿ ಸೊಪ್ಪಿನ ಪಲ್ಯಕ್ಕೆ ಬಳಸಿಕೊಳ್ಳಿ.