ಹಲ್ಲು ಕೀಳಿಸಿ 12 ದಿನವಾದರೂ ಒಸಡಿನ ಗುಂಡಿ ಮುಚ್ಚಿಲ್ಲ, ಹೆದರಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಕೆಳಗಿನ ಮೂರು ದವಡೆ ಹಲ್ಲು ಕೀಳಿಸಿ 12 ದಿನ ಆಗಿದೆ. ಗುಂಡಿ ಹಾಗೇ ಇದೆ, ಒಳಗೆ ಬಿಳಿ ಬಿಳಿಯಾಗಿ ಏನೋ ಕಾಣುತ್ತದೆ, ಒಂದು ಕಡೆ ಚೂಪಾಗಿ ನಾಲಿಗೆಗೆ ತಾಗುತ್ತದೆ. ನೋವು ಮಾತ್ರ ಮೊದಲಿಗಿಂತ ಕಡಿಮೆ ಆಗಿದೆ. ಒಸಡು ಸರಿಯಾಗಿ ಮಾಯುತ್ತಿದೆಯೋ ಇಲ್ಲವೋ ಅನ್ನುವುದು ನಿಮ್ಮ ಚಿಂತೆ.

ನಾನು ಡಾಕ್ಟರ್ ಅಲ್ಲ. ಎರಡು ಸಲ ದವಡೆ ಹಲ್ಲು ಕೀಳಿಸಿಕೊಂಡಿದ್ದೇನೆ, ಮೊದಲ ಸಲ ತುಂಬಾ ನರಳಿದ್ದೇನೆ. ನೀವು ಬರೆದದ್ದರಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಒಂದೇ, ನೋವು ಕಡಿಮೆ ಆಗಿದೆ ಅನ್ನುವುದು. ಕನ್ನಡಿಯಲ್ಲಿ ಗುಂಡಿ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ನೋವು ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಏರುತ್ತಿದೆಯಾ ಅನ್ನುವುದನ್ನೇ ಮೊದಲು ನೋಡಬೇಕು.

ಇದನ್ನು ನಾನು ಕಲಿತ ಬಗೆ ಹೇಳುತ್ತೇನೆ. ಮೊದಲ ಸಲ ಹಲ್ಲು ಕೀಳಿಸಿದ ಮೂರನೆಯ ದಿನ ಮೊಬೈಲಿನ ಟಾರ್ಚ್ ಹಾಕಿ ಬಾಯೊಳಗೆ ನೋಡಿದೆ. ಗುಂಡಿಯ ಮೇಲೆ ಬಿಳಿ ಪೊರೆ. ಕೀವು ಕಟ್ಟಿದೆ ಅಂದುಕೊಂಡು ಗಾಬರಿಯಲ್ಲಿ ಹತ್ತಿ ಕಡ್ಡಿಯಿಂದ ಒರೆಸಿ ತೆಗೆದುಬಿಟ್ಟೆ. ಮಾರನೆಯ ದಿನ ಶುರುವಾದ ನೋವು ಕಿವಿಯವರೆಗೂ ಎಳೆಯುತ್ತಿತ್ತು. ಮಾತ್ರೆ ನುಂಗಿದರೂ ಬಗ್ಗಲಿಲ್ಲ. ಬಾಯಿಂದ ಕೆಟ್ಟ ವಾಸನೆ ಬೇರೆ. ಡಾಕ್ಟರ್ ನೋಡಿ ಇದು ಡ್ರೈ ಸಾಕೆಟ್ ಅಂದರು. ಗುಂಡಿಯಲ್ಲಿ ಇರಬೇಕಾದ ರಕ್ತದ ಹೆಪ್ಪು ಹೋಗಿ, ಮೂಳೆ ಬರಿದಾಗಿತ್ತು. ಗುಂಡಿಯನ್ನು ತೊಳೆದು, ಲವಂಗದ ವಾಸನೆ ಬರುವ ಔಷಧಿಯ ಪಟ್ಟಿ ತುಂಬಿದರು. ಸ್ವಲ್ಪ ಹೊತ್ತಿನಲ್ಲೇ ಉಸಿರು ಬಿಡುವಷ್ಟು ಆರಾಮ ಆಯಿತು. ಆಮೇಲೆ ಎರಡು ಸಲ ಹೋಗಿ ಪಟ್ಟಿ ಬದಲಾಯಿಸಿಕೊಂಡು ಬಂದೆ.

ನಾನು ಒರೆಸಿದ್ದರಿಂದಲೇ ಹಾಗಾಯಿತು ಅಂತ ಖಚಿತವಾಗಿ ಹೇಳಲಾರೆ. ಸಿಗರೇಟು ಸೇದುವವರಿಗೆ, ಕೀಳಲು ಕಷ್ಟವಾದ ಹಲ್ಲಿಗೆ, ಅದರಲ್ಲೂ ಕೆಳಗಿನ ಕೊನೆಯ ದವಡೆ ಹಲ್ಲಿಗೆ ಡ್ರೈ ಸಾಕೆಟ್ ಆಗುವ ಸಾಧ್ಯತೆ ಜಾಸ್ತಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೂ ಹಾಗೇ. ಯಾವ ತಪ್ಪೂ ಮಾಡದವರಿಗೂ ಕೆಲವೊಮ್ಮೆ ಆಗುತ್ತದೆ. ಆದರೆ ಅದು ಸಾಮಾನ್ಯವಾಗಿ ಮೊದಲ ಐದು ದಿನದೊಳಗೇ ಶುರುವಾಗುತ್ತದೆ. ನೀವು ಆ ಗಡಿ ದಾಟಿದ್ದೀರಿ.

ಇನ್ನು ಆ ಬಿಳಿಯ ವಿಷಯ. ಚರ್ಮದ ಮೇಲೆ ಗಾಯವಾದರೆ ಒಣಗಿ ಹಕ್ಕಳೆ ಕಟ್ಟುತ್ತದೆ ಅಲ್ವಾ? ಬಾಯಿ ಯಾವಾಗಲೂ ಒದ್ದೆ, ಅಲ್ಲಿ ಗಾಯ ಒಣಗುವುದಿಲ್ಲ. ಹೆಪ್ಪಿನಲ್ಲಿರುವ ಫೈಬ್ರಿನ್ ಎಂಬ ನಾರು ಮೆತ್ತಗೆ ಬಿಳಿಯಾಗಿ, ಕೆಲವೊಮ್ಮೆ ಹಳದಿಯಾಗಿ ಕಾಣುತ್ತದೆ. ಅದರ ಕೆಳಗೆ ಹೊಸ ರಕ್ತನಾಳಗಳಿರುವ ಕೆಂಪು ಮಾಂಸ ಬೆಳೆಯುತ್ತದೆ. ಒಸಡು ಅಂಚಿನಿಂದ ಒಳಕ್ಕೆ ಹರಡಿಕೊಂಡು ಅದನ್ನು ಮುಚ್ಚುತ್ತದೆ. ಕೀವಾದರೆ ಒತ್ತಿದಾಗ ಒಸರುತ್ತದೆ, ಬಾಯಿ ಕೆಟ್ಟ ರುಚಿಯಾಗುತ್ತದೆ, ಜೊತೆಗೆ ಊತವೋ ನೋವೋ ಏರುತ್ತಿರುತ್ತದೆ. ಇವು ಯಾವುವೂ ಇಲ್ಲದಿದ್ದರೆ ಆ ಬಿಳಿಯನ್ನು ದಯವಿಟ್ಟು ಮುಟ್ಟಬೇಡಿ.

ಗುಂಡಿ ಹಾಗೇ ಇದೆ ಅನ್ನುವುದಕ್ಕೂ ಕಾರಣ ಇದೆ. ಒಂದೇ ಬೇರಿನ ಮುಂಬದಿಯ ಹಲ್ಲಿನ ಗಾಯ ಒಂದೆರಡು ವಾರದಲ್ಲಿ ಕೂಡಿಕೊಳ್ಳಬಹುದು. ಕೆಳಗಿನ ದವಡೆ ಹಲ್ಲಿಗೆ ಎರಡು ದಪ್ಪ ಬೇರು, ಗುಂಡಿ ಅಗಲ, ಆಳ. ಅದರ ಮೇಲೆ ಒಸಡು ಮುಚ್ಚಲು ಮೂರು ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಒಳಗೆ ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಮುಚ್ಚಿದ ಮೇಲೂ ಒಂದು ತಗ್ಗು ಬಹಳ ದಿನ ಉಳಿದಿರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಸಿಗರೇಟು ಸೇದುತ್ತಿದ್ದರೆ ಎಲ್ಲವೂ ನಿಧಾನ. 12ನೇ ದಿನಕ್ಕೆ ಮೂರು ದವಡೆ ಹಲ್ಲಿನ ಗುಂಡಿ ಮುಚ್ಚಿಕೊಂಡಿರಬೇಕು ಅಂತ ಬಯಸುವುದು ಆತುರ.

ಚೂಪಾಗಿ ತಾಗುತ್ತಿರುವುದು ಬಹುಶಃ ಮೂಳೆಯ ಅಂಚು ಅಥವಾ ಬಿಡಿಯಾದ ಸಣ್ಣ ಚೂರು. ಪಕ್ಕಪಕ್ಕದ ಹಲ್ಲುಗಳನ್ನು ಒಟ್ಟಿಗೆ ಕೀಳಿಸಿದಾಗ ಹೀಗಾಗುವುದುಂಟು. ನನಗೆ ಎರಡನೆಯ ಸಲ ನಾಲ್ಕನೇ ವಾರದಲ್ಲಿ ಅಕ್ಕಿ ನುಚ್ಚಿನಷ್ಟು ಚೂರು ತಾನಾಗಿಯೇ ಹೊರಗೆ ಬಂತು. ಹಲ್ಲಿನ ಬೇರು ಒಳಗೇ ಉಳಿದಿದೆಯೇನೋ ಅಂತ ಭಯಪಟ್ಟಿದ್ದೆ. ಡಾಕ್ಟರ್ ಎಕ್ಸ್-ರೇ ತೆಗೆದು ನೋಡಿ, ಹಾಗೇನಿಲ್ಲ ಅಂದರು. ಹೆಚ್ಚಿನ ಚೂರುಗಳು ತಾವಾಗಿಯೇ ಬೀಳುತ್ತವೆ. ಬೀಳದಿದ್ದರೆ ಅವರು ಸುಲಭವಾಗಿ ತೆಗೆಯುತ್ತಾರೆ, ಅಂಚನ್ನು ನಯ ಮಾಡುತ್ತಾರೆ. ನೀವೇ ಚಿಮುಟದಿಂದ ಎಳೆಯಲು ಹೋಗಬೇಡಿ. ನಾಲಿಗೆಯಿಂದ ಪದೇಪದೇ ತಡವುವುದನ್ನೂ ಬಿಡಿ. ಕಷ್ಟ ಅಂತ ಗೊತ್ತು.

ಸದ್ಯಕ್ಕೆ ಮಾಡಬೇಕಾದ್ದು ಕಡಿಮೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ತಿಂದ ಮೇಲೆಲ್ಲ ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಿ. ಜೋರಾಗಿ ಮುಕ್ಕಳಿಸುವುದು ಬೇಡ. ಅಕ್ಕಪಕ್ಕದ ಹಲ್ಲುಗಳನ್ನು ಮೃದುವಾದ ಬ್ರಷ್‌ನಿಂದ ಉಜ್ಜಿ. ನೋವಾಗುತ್ತದೆ ಅಂತ ಆ ಕಡೆ ಬ್ರಷ್ ಮಾಡದೇ ಬಿಟ್ಟರೆ ಒಸಡು ಇನ್ನೂ ಕೆಡುತ್ತದೆ. ಗುಂಡಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ಕಡ್ಡಿ ಹಾಕಿ ಕೆದಕಬೇಡಿ. ಸೂಜಿ ಇಲ್ಲದ, ಬಾಗಿದ ತುದಿಯ ಸಿರಿಂಜ್‌ನಿಂದ ನೀರು ಬಿಟ್ಟು ತೊಳೆಯಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ನನಗೆ ಹಾಗೆ ಮಾಡಲು ಹೇಳಿದ್ದರು, ತುಂಬಾ ಉಪಯೋಗ ಆಯಿತು.

ಇಳಿದಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಊತ ಹೊಸದಾಗಿ ಶುರುವಾದರೆ, ಕೀವು ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ತುಟಿಯೋ ಗಲ್ಲವೋ ಇನ್ನೂ ಜೋಮು ಹಿಡಿದಂತೆ ಇದ್ದರೆ ಅದನ್ನೂ ಅವರಿಗೆ ತಿಳಿಸಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕುತ್ತಿಗೆಯ ಕಡೆಗೆ ಊತ ಇಳಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೊರಡಿ.

ಇವು ಯಾವುವೂ ಇಲ್ಲದಿದ್ದರೂ ಆ ಚೂಪಿನ ವಿಷಯ ಹೇಳಲು ನಾಳೆ ಒಂದು ಫೋನ್ ಮಾಡಿ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಅಥವಾ ಹಿಂದೆ ತೆಗೆದುಕೊಂಡಿದ್ದರೆ ಅದನ್ನು ಮೊದಲು ಹೇಳಿ. ಅಂಥ ಕೆಲವು ಔಷಧಿಗಳಿಂದ ದವಡೆಯ ಮೂಳೆ ಮಾಯುವುದು ತಡವಾಗಬಹುದು. ಹಾಗಿದ್ದಾಗ ಕಾಣುವ ಮೂಳೆಯನ್ನು ತಾನಾಗಿ ಬೀಳಲಿ ಅಂತ ಬಿಡಬಾರದು, ಅವರೇ ನೋಡಬೇಕು.