ಓದುಗರ ಪ್ರಶ್ನೆ: ನೀರಿಗಿಳಿಯುವ ಮೆಟಲ್ ಡಿಟೆಕ್ಟರ್

ಪ್ರಶ್ನೆ: ನನ್ನ ಡಿಟೆಕ್ಟರಿನ ಕಾಯಿಲ್ (ಕೋಲಿನ ತುದಿಯ, ಲೋಹ ಹುಡುಕುವ ತಟ್ಟೆ) ಮಾತ್ರ ವಾಟರ್‌ಪ್ರೂಫ್. ಕಂಟ್ರೋಲ್ ಬಾಕ್ಸನ್ನು ಕೋಲಿನಿಂದ ಬಿಚ್ಚಬಹುದು. ಅದರ ಸಂದುಗಳಿಗೆ ಸಿಲಿಕೋನ್ ಹಚ್ಚಿ ಸೊಂಟದ ಮಟ್ಟದ ನೀರಿಗೆ ಇಳಿಯಬಹುದೇ?
– ಓದುಗರು, ಮಲ್ಪೆ

ಉತ್ತರ: ಬೇಡ. ಸಂದು ಮುಚ್ಚಿದರೂ ಬಟನ್, ಸ್ಪೀಕರಿನ ತೂತು, ಬ್ಯಾಟರಿ ಮುಚ್ಚಳ, ಹೆಡ್‌ಫೋನ್ ಸಾಕೆಟ್ ಹಾಗೇ ಉಳಿಯುತ್ತವೆ. ನೀರು ನುಗ್ಗುವುದು ಅಲ್ಲಿಂದಲೇ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಬಾಕ್ಸಿನಲ್ಲಿ ಅದು ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಹಚ್ಚಲೇಬೇಕಾದರೆ ಆ ಆಮ್ಲ ಬಿಡದ, ‘ನ್ಯೂಟ್ರಲ್ ಕ್ಯೂರ್’ ಎಂದಿರುವ ಟ್ಯೂಬ್ ಕೊಳ್ಳಿ.

ಪದೇ ಪದೇ ನೀರಿಗಿಳಿಯುವವರಿಗೆ 3 ಮೀಟರ್ ಆಳ ತಡೆಯುವ ಗ್ಯಾರೆಟ್ ಎಟಿ ಪ್ರೊ, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಂಥ ಯಂತ್ರವೇ ಸರಿ. ಇರುವುದರಲ್ಲೇ ನಡೆಸುವುದಾದರೆ ಕಂಟ್ರೋಲ್ ಬಾಕ್ಸನ್ನು ಇಡಿಯಾಗಿ ಐಪಿ67 ದರ್ಜೆಯ, ಪಾರದರ್ಶಕ ಮುಚ್ಚಳದ ಪಾಲಿಕಾರ್ಬೊನೇಟ್ ಡಬ್ಬಿಯೊಳಗಿಟ್ಟು ಎದೆಗೆ ಕಟ್ಟಿಕೊಳ್ಳಿ. ಐಪಿ67 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ನೀರು ತಡೆಯುವ ದರ್ಜೆ. ಅಲೆ ಹೊಡೆದರೂ, ಕಾಲು ಜಾರಿ ಬಿದ್ದರೂ ಅಷ್ಟು ಸಾಕು.

ಕಾಯಿಲ್ ಕೇಬಲಿಗೂ ಹೆಡ್‌ಫೋನ್ ತಂತಿಗೂ ಒಂದೊಂದು ಕೇಬಲ್ ಗ್ಲ್ಯಾಂಡ್ (ಡಬ್ಬಿಯ ತೂತಿನಲ್ಲಿ ಕೇಬಲನ್ನು ನೀರು ಬಾರದಂತೆ ಬಿಗಿಹಿಡಿಯುವ ತಿರುಪಿನ ಬಿಡಿಭಾಗ) ಬೇಕು. ಪಿಜಿ7 ಅಳತೆಯದು 3ರಿಂದ 6.5 ಮಿ.ಮೀ. ದಪ್ಪದ ಕೇಬಲನ್ನು ಹಿಡಿಯುತ್ತದೆ. ಕಾಯಿಲಿನ ಪ್ಲಗ್ ಅದರಲ್ಲಿ ತೂರುವುದಿಲ್ಲ. ತಂತಿಗಳ ಬಣ್ಣ ಬರೆದಿಟ್ಟುಕೊಂಡು ಪ್ಲಗ್ ಬಿಚ್ಚಿ, ತೂರಿಸಿದ ಮೇಲೆ ಮತ್ತೆ ಬೆಸುಗೆ ಹಾಕಬೇಕು. ಕೇಬಲ್ ಗಿಡ್ಡವಾಯಿತೆಂದು ತುಂಡು ಸೇರಿಸಿ ಉದ್ದ ಮಾಡಬೇಡಿ. ಕಾಯಿಲ್, ಕೇಬಲ್ ಎರಡೂ ಸೇರಿಯೇ ಟ್ಯೂನ್ ಆಗಿರುತ್ತವೆ.

ಮುಚ್ಚಳದ ರಬ್ಬರ್ ಉಂಗುರವನ್ನು ಪ್ರತಿ ಸಲ ಒರೆಸಿ, ಬೆರಳಿಂದ ತಡವಿ ನೋಡಿ. ಅಡ್ಡ ಬಿದ್ದ ಒಂದು ಕೂದಲು, ಒಂದು ಮರಳಿನ ಕಣ ಸಾಕು, ನೀರು ಒಳಗೆ ಬರುತ್ತದೆ. ರಬ್ಬರ್ ಹೊಳೆಯುವಷ್ಟು ಮಾತ್ರ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ.

ಯಂತ್ರ ಇಡುವ ಮೊದಲು ಖಾಲಿ ಡಬ್ಬಿಯಲ್ಲಿ ಟಿಶ್ಯೂ ಪೇಪರ್ ಹಾಕಿ, ಗ್ಲ್ಯಾಂಡುಗಳಿಗೆ ಅದೇ ದಪ್ಪದ ಕೇಬಲ್ ತುಂಡು ಬಿಗಿದು, ತುದಿಗಳಿಗೆ ಅಂಟು ತುಂಬಿ, ಕಲ್ಲು ಕಟ್ಟಿ 1 ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಆ ಆಳದಲ್ಲಿ 15×10 ಸೆಂ.ಮೀ. ಮುಚ್ಚಳದ ಮೇಲೆ ಸುಮಾರು 15 ಕೆ.ಜಿ. ಒತ್ತಡ ಬೀಳುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಯದಿದ್ದರೆ ಟಿಶ್ಯೂವಿನ ಮೂಲೆ ಒದ್ದೆಯಾಗಿಯೇ ಆಗುತ್ತದೆ.

ಬಹಳ ಜನ ಗಮನಿಸದ ಸಂಗತಿ ಬಿಸಿಲಿನದು. ದಡದಲ್ಲಿ ಕಾದ ಡಬ್ಬಿಯನ್ನು ಒಮ್ಮೆಲೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಣ್ಣ ಬಿರುಕಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ನೆರಳಲ್ಲಿ ಆರಿಸಿಕೊಂಡು ಇಳಿಯಿರಿ. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಆದರೆ ಪೈಪಿನ ರಭಸದಿಂದಲ್ಲ.

ಪ್ರಶ್ನೆ: ಹೊಳೆಯಲ್ಲಿ ಸುಮ್ಮನಿರುವ ಡಿಟೆಕ್ಟರ್ ಸಮುದ್ರದ ಒದ್ದೆ ಮರಳಿನಲ್ಲಿ ಬಡಬಡಿಸುತ್ತದೆ. ಕೆಟ್ಟಿದೆಯೇ?
– ಓದುಗರು, ಹೊನ್ನಾವರ

ಉತ್ತರ: ಕೆಟ್ಟಿಲ್ಲ. ಉಪ್ಪುನೀರು ವಿದ್ಯುತ್ ಹರಿಯಬಿಡುವುದರಿಂದ ಯಂತ್ರಕ್ಕೆ ಅದೂ ಲೋಹದಂತೆಯೇ ಕಾಣುತ್ತದೆ. ಒಂದೇ ಫ್ರೀಕ್ವೆನ್ಸಿಯ ಯಂತ್ರಗಳಿಗೆ ಇದು ಹುಟ್ಟುಗುಣ. ಮಲ್ಟಿ ಫ್ರೀಕ್ವೆನ್ಸಿ ಅಥವಾ ಪಲ್ಸ್ ಇಂಡಕ್ಷನ್ (ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿತಗಳಾಗಿ ಹರಿಸುವ) ಯಂತ್ರಗಳು ಇದನ್ನು ಚೆನ್ನಾಗಿ ನಿಭಾಯಿಸುತ್ತವೆ.

ಸೆನ್ಸಿಟಿವಿಟಿಯನ್ನು ಸದ್ದು ನಿಲ್ಲುವವರೆಗೆ ಒಂದೊಂದೇ ಹಂತ ಇಳಿಸಿ. ಗ್ರೌಂಡ್ ಬ್ಯಾಲೆನ್ಸ್ (ನೆಲದಿಂದಲೇ ಬರುವ ಸಂಕೇತವನ್ನು ಕಳೆಯುವ ಹೊಂದಾಣಿಕೆ) ಇದ್ದರೆ ಹುಡುಕುವ ಒದ್ದೆ ಮರಳಿನ ಮೇಲೇ ಮಾಡಿ. ದಡಕ್ಕೆ ಸಮಾನಾಂತರವಾಗಿ ನಡೆಯುತ್ತ, ಕಾಯಿಲನ್ನು ನೆಲದಿಂದ ಒಂದೇ ಎತ್ತರದಲ್ಲಿ ಬೀಸಿ. ಅಲೆ ಬಂದು ಹೋಗುವ ಅಂಚು ಅತಿ ಕಷ್ಟದ ಜಾಗ. ಕಾಯಿಲ್ ಪೂರ್ತಿ ಮುಳುಗಿದರೆ ಸದ್ದು ಕಡಿಮೆಯಾಗುತ್ತದೆ. ಕೇಬಲ್ ಅಲೆಗೆ ಅಲ್ಲಾಡಿದರೂ ಯಂತ್ರ ಕೂಗುತ್ತದೆ, ಕೋಲಿಗೆ ಬಿಗಿಯಾಗಿ ಸುತ್ತಿ. ಗದ್ದಲ ತಾಳಲಾರದೆ ಡಿಸ್ಕ್ರಿಮಿನೇಷನ್ (ಬೇಡದ ಲೋಹಗಳ ಸದ್ದು ಅಡಗಿಸುವ ಸೆಟ್ಟಿಂಗ್) ಏರಿಸಿದರೆ ಅಲ್ಯುಮಿನಿಯಂ ಫಾಯಿಲಿನ ಜೊತೆಗೆ ತೆಳು ಚಿನ್ನದ ಉಂಗುರವೂ ಕೇಳದಂತಾಗುತ್ತದೆ. ನಿಮ್ಮದೇ ಉಂಗುರಕ್ಕೆ ಉದ್ದ ದಾರ ಕಟ್ಟಿ 10 ಸೆಂ.ಮೀ. ಆಳದಲ್ಲಿ ಹೂತು, ಸದ್ದು ಕೇಳಿಸುವ ಸೆಟ್ಟಿಂಗ್ ಯಾವುದೆಂದು ನೋಡಿಕೊಳ್ಳಿ.

ಪ್ರಶ್ನೆ: ಸಿಕ್ಕಿದ್ದನ್ನು ಇಟ್ಟುಕೊಳ್ಳಬಹುದೇ?
– ಓದುಗರು, ಹೊಸಪೇಟೆ

ಉತ್ತರ: ಹೂತಿದ್ದ ಹಳೆಯ ನಾಣ್ಯ, ಒಡವೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರ ಕೇಂದ್ರ ನಿಧಿ ಕಾಯ್ದೆ 10 ರೂಪಾಯಿ ಮೀರಿದ ಪತ್ತೆಗೇ ಇದನ್ನು ವಿಧಿಸಿದೆ. ಕರ್ನಾಟಕಕ್ಕೆ ತನ್ನದೇ ಆದ 1962ರ ಕಾಯ್ದೆ ಇದೆ. ಹಂಪಿಯಂಥ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ, ನದಿಯ ದಂಡೆ ಆ ಎಲ್ಲೆಯೊಳಗಿದ್ದರೆ ಅಲ್ಲಿಗೂ ಇದು ಅನ್ವಯ.

ಪ್ರಶ್ನೆ: ಬಾಕ್ಸ್ ನೀರಲ್ಲಿ ಮುಳುಗಿದೊಡನೆ ಬ್ಲೂಟೂತ್ ಹೆಡ್‌ಫೋನ್ ಸದ್ದು ನಿಲ್ಲುತ್ತದೆ, ಏಕೆ?
– ಓದುಗರು, ಕಾರವಾರ

ಉತ್ತರ: ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಉಪ್ಪುನೀರಿನಲ್ಲಂತೂ ಕೆಲವೇ ಸೆಂಟಿಮೀಟರ್ ದಾಟುವುದರೊಳಗೆ ಸಂಪರ್ಕ ಕಡಿಯುತ್ತದೆ. ತಂತಿಯಿರುವ ವಾಟರ್‌ಪ್ರೂಫ್ ಹೆಡ್‌ಫೋನ್ ಬಳಸಿ, ಸಾಕೆಟ್ಟಿನ ತಿರುಪನ್ನು ದಡದಲ್ಲೇ ಬಿಗಿದುಕೊಂಡು ಇಳಿಯಿರಿ.