ಕೊಲ್ಲುವವನು ಏನನ್ನು ಪಣಕ್ಕಿಟ್ಟಿದ್ದಾನೆ ಎಂದು ಮೊದಲು ಕೇಳಿ

ಕನ್ನಡದಲ್ಲಿ ಬರೆದು ಆಡುವ ನಿಮ್ಮ ಆಟದ ಸರ್ವರ್‌ನಲ್ಲಿ ಒಬ್ಬ ಆಟಗಾರನ ಪಾತ್ರವನ್ನು ಇನ್ನೊಬ್ಬ ಕೊಂದಿದ್ದಾನೆ, ಗಲಾಟೆ ಎದ್ದಿದೆ, ಆಟಗಾರರಲ್ಲಿ ಅರ್ಧದಷ್ಟು ಪಿಯುಸಿ ಹುಡುಗರು. ಸಾಯುವವರ ಒಪ್ಪಿಗೆ ಕೇಳಿಯೇ ಕೊಲ್ಲಬೇಕೆ, ಕೇಳದೆಯೂ ಕೊಲ್ಲಬಹುದೆ ಎಂಬುದು ನಿಮ್ಮ ಪ್ರಶ್ನೆ. ಇದೇ ಜಗಳದಲ್ಲಿ ನನ್ನ ಗುಂಪು ಒಡೆದು ಚೂರಾಯಿತು. ಆದ್ದರಿಂದ ಉತ್ತರ ಉದ್ದವಾಗುತ್ತದೆ.

ನಾನು ದಾವಣಗೆರೆಯವನು. ಪಬ್‌ಜಿ ಮೊಬೈಲ್‌ಗೆ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಿದ್ದಾಗ ಕಾಲೇಜೂ ಇಲ್ಲದೆ ಮನೆಯಲ್ಲಿ ಕುಳಿತಿದ್ದ ನಾವು ಕೆಲವರು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಒಂದು ಆಟ ಕಟ್ಟಿದೆವು. ಚಿತ್ರವಿಲ್ಲ, ಗುಂಡಿನ ಸದ್ದಿಲ್ಲ. ನಿಮ್ಮ ಪಾತ್ರ ಏನು ಮಾಡಿತು ಎಂದು ನೀವು ಬರೆಯುತ್ತೀರಿ, ಅದಕ್ಕೆ ನಾನು ಬರೆಯುತ್ತೇನೆ, ಗೆದ್ದವರು ಯಾರೆಂಬ ತಕರಾರು ಬಂದರೆ ಬಾಟ್ ಎಂಬ ಪುಟ್ಟ ಪ್ರೋಗ್ರಾಂ ಇಪ್ಪತ್ತು ಮುಖದ ದಾಳ ಉರುಳಿಸುತ್ತದೆ. ಕಥೆ ನಡೆಯುವುದು ಒಂದು ಕಾಲ್ಪನಿಕ ಪಾಳೆಯಪಟ್ಟಿನಲ್ಲಿ. ಕಾಲ್ಪನಿಕ ಎಂದು ಹೇಳಿಕೊಂಡರೂ ನಕ್ಷೆ ಪೂರ್ತಿ ಚಿತ್ರದುರ್ಗದ್ದೇ: ಏಳು ಸುತ್ತು, ಎಣ್ಣೆಕೊಳ, ಅಕ್ಕ ತಂಗಿಯರ ಹೊಂಡ, ಬಂಡೆಗಳ ನಡುವೆ ಒಂದು ಕಿಂಡಿ. ಕಿಂಡಿ ಇದೆ ಎಂದು ತಿಳಿದದ್ದೇ ತಡ, ಸೇರಿದವರಿಗೆಲ್ಲ ಒನಕೆ ಹಿಡಿದ ಪಾತ್ರವೇ ಬೇಕಾಯಿತು. ಯಾರಿಗೂ ಕೊಡಲಿಲ್ಲ.

ಚಳ್ಳಕೆರೆಯ ಒಬ್ಬ ಅಕ್ಕ ಮಾತ್ರ ಯಾರೂ ಕೇಳದ ಪಾತ್ರವನ್ನು ಕೇಳಿದರು: ಕಣಜದ ಲೆಕ್ಕ ಬರೆಯುವ ಮುದುಕಿ. ಅವರು ಆ ಲೆಕ್ಕವನ್ನು ನಿಜವಾಗಿಯೂ ಬರೆದರು. ನವಣೆ ಇಷ್ಟು ಖಂಡುಗ, ರಾಗಿ ಇಷ್ಟು ಖಂಡುಗ ಇಷ್ಟು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೆರೆ ಎಳೆದ ನೋಟ್‌ಬುಕ್ಕಿನ ಪುಟದ ಫೋಟೋ ವಾರಕ್ಕೊಮ್ಮೆ ಗುಂಪಿಗೆ ಬರುತ್ತಿತ್ತು. ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ‘ಹೆಗ್ಗಣದ ಪಾಲು’ ಎಂದು ಬರೆದು ಒಂದೆರಡು ಕೊಳಗ ಕಳೆದಿರುತ್ತಿದ್ದರು. ಮುತ್ತಿಗೆ ಬಂದರೆ ಎಷ್ಟು ದಿನ ತಡೆದೇವು ಎಂದು ದಳವಾಯಿಗೆ ತಿಳಿಯಬೇಕಾದರೂ ಮುದುಕಿಯ ಬಾಗಿಲಿಗೇ ಹೋಗಬೇಕು. ಅರ್ಧ ಆಟ ಆ ಪುಸ್ತಕದ ಮೇಲೆ ನಿಂತಿತ್ತು.

ಆಗ ನಮ್ಮ ನಿಯಮ ಹೀಗಿತ್ತು: ಕಥೆಯೊಳಗೆ ತಕ್ಕ ಕಾರಣವನ್ನು ಬರೆದು ಕೊಟ್ಟು, ಅಡ್ಮಿನ್ ಒಪ್ಪಿದರೆ, ಒಬ್ಬರ ಪಾತ್ರವನ್ನು ಇನ್ನೊಬ್ಬರು ಕೊಲ್ಲಬಹುದು. ಸತ್ತ ಪಾತ್ರ ಮತ್ತೆ ಬರುವಂತಿಲ್ಲ. ನಿಯಮ ಬರೆದವನೂ ನಾನೇ, ಅಡ್ಮಿನ್ನೂ ನಾನೇ.

ಹೊಸದಾಗಿ ಸೇರಿದ ಹುಡುಗನೊಬ್ಬ ಉಪ್ಪಿನ ವ್ಯಾಪಾರಿಯಾಗಿ ಕೋಟೆಯೊಳಗೆ ಬಂದ. ಮುದುಕಿ ಹೇಳಿದ ಸಾಕ್ಷಿಯಿಂದ ತನ್ನ ಅಪ್ಪನಿಗೆ ನೇಣಾಯಿತು ಎಂದು ಕಾರಣ ಬರೆದು ಕಳಿಸಿದ. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಓದಿ ತಲೆದೂಗಿದೆ, ಒಪ್ಪಿದೆ. ರಾತ್ರಿ ಹೊಂಡದ ಮೆಟ್ಟಿಲ ಮೇಲೆ ಚಾಕು ಹೊರಬಂತು. ದಾಳದಲ್ಲಿ ಅವನಿಗೆ ಹದಿನೆಂಟು, ಅಕ್ಕನಿಗೆ ನಾಲ್ಕು. ಅವರು ಪಾತ್ರದ ಕೊನೆಯ ಸಾಲು ಬರೆದರು: ಬೀಗದ ಕೈ ಸೊಂಟದಲ್ಲೇ ಉಳಿಯಿತು. ಆಮೇಲೆ ನನಗೆ ಬೇರೆಯಾಗಿ ಒಂದು ಸಂದೇಶ: ‘ಆಯಿತು ಬಿಡು ತಮ್ಮ, ಬೆಳಿಗ್ಗೆ ಡ್ಯೂಟಿ ಇದೆ.’ ಮತ್ತೆ ಅವರು ಲಾಗಿನ್ ಆಗಲಿಲ್ಲ. ಕಣಜದಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲದೆ ಮುತ್ತಿಗೆಯ ಕಥೆ ಕುಸಿಯಿತು. ದಳವಾಯಿ ಆಡುತ್ತಿದ್ದವನು ನನ್ನನ್ನು ಬಾಯಿಗೆ ಬಂದಂತೆ ಬೈದು ಹೊರಟುಹೋದ. ಉಪ್ಪಿನ ವ್ಯಾಪಾರಿ? ಆ ಪಾತ್ರ ಬೇಸರವಾಯಿತೆಂದು ಬಿಟ್ಟು ಕುದುರೆ ಸವಾರನೊಬ್ಬನನ್ನು ಮಾಡಿಕೊಂಡ.

ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನೀವೂ ಅದೇ ಹಳ್ಳಕ್ಕೆ ಬೀಳುವವರಿದ್ದೀರಿ. ಕಾರಣ ಸಾಲದಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಕಾರಣ ಸಾಕಷ್ಟಿತ್ತು. ಕೊಲ್ಲಬೇಕೆಂದವನಿಗೆ ಕಾರಣ ಹೊಸೆಯುವುದು ಒಂದು ಸಂಜೆಯ ಕೆಲಸ. ಆಮೇಲೆ ದಾಳವನ್ನು ದೂರಿದೆ. ದಾಳ ನ್ಯಾಯವಾಗಿಯೇ ಬಿದ್ದಿತ್ತು. ಕೊನೆಗೆ ತಿಳಿದದ್ದು ಇದು: ಅವನು ಏಕೆ ಕೊಲ್ಲುತ್ತಾನೆ ಎಂದು ಕೇಳಿದ ನಾನು, ಸೋತರೆ ಅವನಿಗೆ ಏನು ಹೋಗುತ್ತದೆ ಎಂದು ಕೇಳಲೇ ಇಲ್ಲ. ನಾಲ್ಕು ಬಿದ್ದದ್ದು ಅವನಿಗಾಗಿದ್ದರೆ ಸಾಯುತ್ತಿದ್ದದ್ದು ನಿನ್ನೆ ಮೊನ್ನೆ ಹುಟ್ಟಿದ, ಹೇಗೂ ಬಿಸಾಡಲಿದ್ದ ಪಾತ್ರ. ಅಕ್ಕನ ಕಡೆ ಇದ್ದದ್ದು ಅಷ್ಟೂ ಪುಟಗಳ ಲೆಕ್ಕ. ಒಬ್ಬ ಹೊಲವನ್ನೂ ಇನ್ನೊಬ್ಬ ಒಂದು ಕಟ್ಟು ಬೀಡಿಯನ್ನೂ ಪಣಕ್ಕಿಟ್ಟು ಇಸ್ಪೀಟಿಗೆ ಕುಳಿತ ಹಾಗೆ. ಎಲೆ ಹಂಚಿದ್ದು ಸರಿಯಾಗಿದೆಯೇ ಎಂದು ನೋಡುತ್ತಾ ನಾನು ಪಕ್ಕದಲ್ಲಿ ನಿಂತಿದ್ದೆ.

ಇದು ನಮ್ಮ ಕಾಲದ ರಗಳೆಯಲ್ಲ. ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ, ಹಲವರು ಕಂಪ್ಯೂಟರಿನಲ್ಲಿ ಬರೆದೇ ಆಡುವ ಮಡ್ ಆಟದಲ್ಲೇ, ಕಾದಾಟದಲ್ಲಿ ಸತ್ತರೆ ಪಾತ್ರ ಅಳಿಸಿಹೋಗುತ್ತಿತ್ತು. ಅಲ್ಟಿಮಾ ಆನ್‌ಲೈನ್ ಎಂಬ ಅಂತರಜಾಲದ ಆಟ 1997ರಲ್ಲಿ ಬಂತು, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ. ಅಲ್ಲಿ ಊರ ಹೊರಗೆ ಯಾರು ಯಾರನ್ನಾದರೂ ಕೊಂದು ಹೆಣದ ಮೇಲಿದ್ದುದನ್ನೆಲ್ಲ ದೋಚಬಹುದಿತ್ತು. ಹೊಸಬರು ಬೇಸತ್ತರು. 2000ದಲ್ಲಿ ಕಂಪನಿ ಪ್ರಪಂಚವನ್ನೇ ಎರಡು ಮಾಡಿತು: ಕೊಲೆ ನಡೆಯುವ ಫೆಲುಕಾ, ನಡೆಯದ ಟ್ರಾಮೆಲ್. ಜನ ಎರಡನೆಯದಕ್ಕೆ ಹೋದರು, ಹಳಬರು ಇಂದಿಗೂ ಗೊಣಗುತ್ತಾರೆ. ನನಗೆ ಹಿಡಿಸಿದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆಟದ ಹಾರ್ಡ್‌ಕೋರ್ ಸರ್ವರ್‌ಗಳ, ಅಂದರೆ ಒಮ್ಮೆ ಸತ್ತ ಪಾತ್ರ ಮತ್ತೆ ಏಳದ ಸರ್ವರ್‌ಗಳ ವ್ಯವಸ್ಥೆ. 2023ರಲ್ಲಿ ಬಂದ ಅವುಗಳಲ್ಲಿ ಮಕ್‌ಗೋರಾ ಎಂಬ ದ್ವಂದ್ವಯುದ್ಧವಿದೆ. ಇಬ್ಬರೂ ಒಪ್ಪಿ ಇಳಿಯಬೇಕು, ಸೋತವರ ಪಾತ್ರ ಶಾಶ್ವತವಾಗಿ ಸಾಯುತ್ತದೆ. ಇಳಿದವರಿಬ್ಬರ ತಲೆಯ ಮೇಲೂ ಒಂದೇ ಕತ್ತಿ.

ಒಪ್ಪಿಗೆಯ ನಿಯಮವೊಂದನ್ನೇ ಇಟ್ಟು ನೋಡಿದವರನ್ನೂ ಬಲ್ಲೆ. ಅಲ್ಲಿ ಯಾರೂ ಸಾಯುವುದಿಲ್ಲ, ಎಲ್ಲರ ನಾಲಿಗೆಯೂ ಉದ್ದವಾಗುತ್ತದೆ. ತುಂಬಿದ ದರ್ಬಾರಿನಲ್ಲಿ ಪಾಳೆಯಗಾರನ ವಂಶವನ್ನು ಜರೆದು, ಕಾವಲಿನವನು ಕತ್ತಿ ಎಳೆದಾಗ ‘ನನ್ನ ಒಪ್ಪಿಗೆ ಇಲ್ಲ’ ಎಂದು ಬರೆದು ನಡೆದುಬಿಡುತ್ತಾರೆ. ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುವುದು. ಸಾವಿಗೆ ಒಪ್ಪಿಗೆ ಯಾರು ಕೊಡುತ್ತಾರೆ? ಅಪಾಯಕ್ಕೆ ಒಪ್ಪಿಗೆ ಕೇಳಿ. ಈ ಮಾತು ಆಡಿದರೆ ತಲೆ ಹೋಗಬಹುದು ಎಂದು ಕಾದಾಟಕ್ಕೆ ಮೊದಲೇ ಎಚ್ಚರಿಸಿ, ಹಿಂದೆಗೆಯಲು ಒಂದು ಅವಕಾಶ ಕೊಡಿ. ಆಮೇಲೂ ಆಡಿದವನು ಒಪ್ಪಿದ ಹಾಗೆಯೇ ಲೆಕ್ಕ. ಮುದುಕಿಯಂತೆ ತನ್ನ ಪಾಡಿಗೆ ಲೆಕ್ಕ ಬರೆಯುವವರು ಯಾವ ಅಪಾಯಕ್ಕೂ ಒಪ್ಪಿರುವುದಿಲ್ಲ, ಅವರನ್ನು ಮುಟ್ಟುವಂತಿಲ್ಲ.

ಶಾಶ್ವತವಾಗಿ ಕೊಲ್ಲಲು ಹೊರಟವನ ಪಾತ್ರವೂ ಅದೇ ದಾಳದಲ್ಲಿ ಸಾಯುವಂತಿರಬೇಕು. ಆ ಪಾತ್ರಕ್ಕೆ ಕೊನೆಯ ಪಕ್ಷ ಮೂರು ತಿಂಗಳು ವಯಸ್ಸಾಗಿರಬೇಕು, ಅದರಿಂದ ಬೇರೆಯವರ ಕಥೆಗೂ ಏನಾದರೂ ಉಪಯೋಗ ಆಗಿರಬೇಕು. ಉಳಿದ ಸೋಲುಗಳಿಗೆಲ್ಲ ಗಾಯ, ಸೆರೆ, ದಂಡ, ಗಡೀಪಾರು ಸಾಕು. ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಎಂಬ ವಿಡಿಯೋ ಗೇಮ್‌ನ ಪಾತ್ರಾಭಿನಯದ ಹಲವು ಸರ್ವರ್‌ಗಳಲ್ಲಿ ಸಾಮಾನ್ಯ ಸಾವಾದರೆ ಪಾತ್ರ ಮತ್ತೆ ಏಳುತ್ತದೆ, ಆದರೆ ತನ್ನನ್ನು ಕೊಂದದ್ದು ಯಾರೆಂಬ ನೆನಪು ಅದಕ್ಕಿರುವುದಿಲ್ಲ, ಸೇಡಿಗೆ ಹೋಗುವಂತಿಲ್ಲ. ಅದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸತ್ತವರ ಬೀಗದ ಕೈ, ಪುಸ್ತಕ, ಗುಟ್ಟು ಯಾರಿಗೆ ಹೋಗಬೇಕೆಂದು ಪ್ರತಿ ಆಟಗಾರರಿಂದಲೂ ಮೊದಲೇ ಬರೆಸಿಕೊಳ್ಳಿ. ತೀರ್ಪನ್ನು ಆ ಕಥೆಯಲ್ಲಿ ಇಲ್ಲದ ಇಬ್ಬರು ಕೊಡಲಿ. ಚೆನ್ನಾಗಿ ಬರೆದವನಿಗೆ ಸೋಲುವ ನನ್ನಂಥವನ ಕೈಗೆ ಮಾತ್ರ ಕೊಡಬೇಡಿ.

ಇಷ್ಟರಿಂದ ನಿಮ್ಮ ಒಂದಿಬ್ಬರು ಹುಲಿಗಳು ಮುನಿಸಿಕೊಂಡು ಹೋಗುತ್ತಾರೆ. ಹೋಗಲಿ, ತಡೆಯಬೇಡಿ. ಪಿಯುಸಿ ಹುಡುಗರಿಗೆಂದೇ ಬೇರೆ ನಿಯಮ ಬೇಕೆ ಎಂದೂ ಕೇಳಿದ್ದೀರಿ. ಒಂದು ಬೇಕು: ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಕೋಟೆಯಲ್ಲಿ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಓದಲು ಕುಳಿತ ಹುಡುಗ ಫೋನ್ ತೆಗೆದಾಗ ತನ್ನ ಪಾತ್ರದ ಹೆಣ ಕಂಡರೆ, ಮರುದಿನ ಅವನ ಅಮ್ಮ ಕರೆ ಮಾಡುವುದು ಕೊಂದವನಿಗಲ್ಲ, ಅಡ್ಮಿನ್ನಿಗೆ.